ಹಿಮ್ಮೇಳಕ್ಕೆ ಬಿಟ್ಟ ಜಾಗ

ಎರಡೂ ಅವಳ ಸೊಂಟದ ಎತ್ತರಕ್ಕಿದ್ದವು. ಎರಡೂ ಕಪ್ಪು. ಎರಡರ ಹೊಟ್ಟೆಯ ಮೇಲೂ ಊಟದ ತಟ್ಟೆಯಷ್ಟಗಲದ ಗುಂಡು ಜಾಲರಿಗಳು, ಜಾಲರಿಯ ಸುತ್ತ ನೀಲಿ, ಕೆಂಪು, ಹಸಿರು ಬೆಳಕು ಅಟ್ಟಾಡಿಸಿಕೊಂಡು ಓಡುತ್ತಿತ್ತು. ಈ ಸ್ಪೀಕರುಗಳಲ್ಲಿ ಒಂದನ್ನು ತಾನು ಆರಿಸಬೇಕು ಎಂಬುದು ಸುಮಂಗಲಾಳಿಗೆ ಬೆಳಗಿನಿಂದ ಹಬ್ಬದಂತಿತ್ತು. ಕಾರ್ಯಕ್ರಮಕ್ಕೆಂದು ಎತ್ತಿಟ್ಟಿದ್ದ ಸಾಸಿವೆ ಬಣ್ಣದ ಸೀರೆ ಉಟ್ಟಿದ್ದಳು, ಟೆಲಿಫೋನ್ ಕಚೇರಿಯಿಂದ ನಿವೃತ್ತಳಾಗುವಾಗ ಕೊಟ್ಟ ಕೈಗಡಿಯಾರ ಕಟ್ಟಿದ್ದಳು. ಈಗ ಎದುರಿಗೆ ನಿಂತರೆ ಏಕೋ ಇವೇ ತನ್ನನ್ನು ನೋಡುತ್ತಿವೆ ಅನಿಸಿತು, ಮೇಲಿಂದ ಕೆಳಗಿನ ತನಕ, ನಿಧಾನವಾಗಿ, ಬೆಳಕಿನ ಕಣ್ಣು ತಿರುಗಿಸಿ. ಅವಳು ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡಳು.

ಪುಣೆಯ ಧನಕವಡಿಯ ಸುತ್ತಮುತ್ತ ಬಂದು ನೆಲೆಸಿದ ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಹನ್ನೆರಡು ಹೆಂಗಸರ ಭಜನಾ ಮಂಡಳಿ ಅವರದು. ಪ್ರತಿ ಸೋಮವಾರ ಸಂಜೆ ಯಾರದಾದರೂ ಮನೆಯಲ್ಲಿ ಕೂಡುವುದು. ಸುಮಂಗಲಾ ಮುಂದೆ ಹಾಡುವುದು, ಉಳಿದ ಹನ್ನೊಂದು ಜನ ಆ ಸಾಲನ್ನು ಎತ್ತಿಕೊಂಡು ಹಿಂದೆ ಹಾಡುವುದು. ಹದಿನಾಲ್ಕು ವರ್ಷದಿಂದ ಅದು ಹಾಗೇ ನಡೆದಿದೆ. ಮುಂದಿನ ತಿಂಗಳು ಚಂಪಾಷಷ್ಠಿಗೆ ಜೇಜುರಿಯಲ್ಲಿ, ಕರ್ನಾಟಕದಿಂದ ಬರುವ ಮೈಲಾರಲಿಂಗನ ಭಕ್ತರು ಇಳಿಯುವ ಛತ್ರದ ಅಂಗಳದಲ್ಲಿ, ಮಂಡಳಿಯ ಕಾರ್ಯಕ್ರಮ. ಬಯಲಿಗೆ ಬರಿ ಗಂಟಲು ಸಾಲದು. ಬ್ಯಾಟರಿಯ ಮೇಲೆ ನಡೆಯುವ, ಚಕ್ರ ಇರುವ ಸ್ಪೀಕರ್ ಬೇಕು ಎಂದು ಠರಾವಾಗಿ, ಕಾರ್ಯದರ್ಶಿ ರಂಜನಾ ಸಾತಾರಾ ರಸ್ತೆಯ ಈ ಅಂಗಡಿಯಲ್ಲಿ ಎರಡನ್ನು ನೋಡಿಟ್ಟು ಬಂದಿದ್ದಳು. "ಆರಿಸೂದು ಮಾತ್ರ ನೀವ ಅಕ್ಕಾ," ಎಂದಿದ್ದಳು. "ನಿಮ್ಮ ಕಿವಿ ಏನ್ ಹೇಳ್ತದ ಅದ. ಹನ್ನೊಂದು ಮಂದೀದೂ ಒಂದ ಮಾತು." ಆ ಮಾತನ್ನು ಸುಮಂಗಲಾ ರಾತ್ರಿ ಮಲಗುವಾಗ ಇನ್ನೊಮ್ಮೆ, ಬೆಳಿಗ್ಗೆ ಎದ್ದಾಗ ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡಿದ್ದಳು.

ರಂಜನಾ ರಿಕ್ಷಾವನ್ನು ಗೇಟಿನವರೆಗೇ ತರಿಸಿದ್ದಳು. ಹತ್ತುವಾಗ ಸೆರಗು ಹೊರಗೆ ಜೋಲದಂತೆ ಎತ್ತಿ ಮಡಿಲಲ್ಲಿ ಇಟ್ಟಿದ್ದಳು. ದಾರಿಯಲ್ಲಿ ಪರ್ಸಿನಿಂದ ಕಾಗದದ ಪೊಟ್ಟಣ ತೆಗೆದು, "ಲವಂಗ, ಕಲ್ಲಸಕ್ರಿ. ಬಾಯಾಗ ಹಾಕ್ಕೋರಿ ಅಕ್ಕಾ, ಧೂಳು ಭಾಳ ಅದ," ಎಂದಿದ್ದಳು. ಇಂಥವನ್ನೆಲ್ಲ ಸುಮಂಗಲಾ ಗಮನಿಸುತ್ತಾಳೆ. ಕಚೇರಿಯಲ್ಲಿದ್ದಾಗಲೂ ಅವಳಿಗೆ ಯಾರ ಬಡ್ತಿ ಯಾವಾಗ ಎನ್ನುವುದು ನೆನಪಿರುತ್ತಿರಲಿಲ್ಲ, ಯಾರು ಯಾವ ದಿನ ತನಗಾಗಿ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟರು ಎನ್ನುವುದು ಇರುತ್ತಿತ್ತು. ಈಚೆಗೆ ಮಂಡಳಿಯಲ್ಲಿ ಅಕ್ಕರೆ ಹೆಚ್ಚಾಗಿದೆ ಎಂದು ಅವಳಿಗೆ ಅನಿಸತೊಡಗಿತ್ತು. ಯಾರ ಮನೆಗೆ ಹೋದರೂ ಅವಳ ಮುಂದೆ ಬಿಸಿನೀರಿನ ಥರ್ಮಾಸ್ ಇರುತ್ತಿತ್ತು. ಹಾಡು ಮೇಲಿನ ಷಡ್ಜಕ್ಕೆ ಏರುವಾಗ, ಮೊದಲಾದರೆ ಬಾಯಿ ಮುಚ್ಚಿ ಅವಳನ್ನೇ ನೋಡುತ್ತಿದ್ದವರು, ಈಗ ಎಲ್ಲರೂ ಕೂಡಿ ದನಿ ಎತ್ತುತ್ತಿದ್ದರು. ಅಂತೂ ಹಾಡಿನ ಧಾಟಿ ಕಲಿತರಲ್ಲ, ಧೈರ್ಯ ಬಂತಲ್ಲ ಎಂದು ಅವಳ ಕಣ್ಣು ತುಂಬಿ ಬರುತ್ತಿತ್ತು. ಹೋದ ನವರಾತ್ರಿಯಿಂದ ಆ ಷಡ್ಜದಲ್ಲಿ ತನ್ನ ದನಿ ಹಳೆಯ ಸೀರೆಯ ಅಂಚಿನ ಹಾಗೆ ಹರಿಯುತ್ತಿರುವುದು ಅವಳಿಗೆ ಗೊತ್ತಿತ್ತು. ಅದು ಹರಿಯುವುದು ಎಲ್ಲರ ದನಿ ಏರಿದ ಹೊತ್ತಿನಲ್ಲೇ ಆದ್ದರಿಂದ ಇನ್ನೊಬ್ಬರಿಗೆ ಕೇಳಿಸಿರಲಾರದು ಎಂದುಕೊಂಡಿದ್ದಳು.

"ಕಾಕೂ, ಬಸಾ ನಾ," ಎಂದು ಅಂಗಡಿಯ ಸ್ವಪ್ನಿಲ್ ಒಂದು ಸ್ಟೂಲು ತಂದು, ತನ್ನ ಕೈವಸ್ತ್ರದಿಂದಲೇ ಅದನ್ನು ಒರೆಸಿ ಇಟ್ಟ. ಮೂವತ್ತರ ಆಸುಪಾಸಿನ, ಮೀಸೆ ಬೆಳೆಸಿದ್ದರೂ ಮುಖದಲ್ಲಿ ಬಿರುಸಿಲ್ಲದ ಮನುಷ್ಯ. ಮೊದಲನೆಯದರ ಗುಂಡಿ ಒತ್ತಿ ಅವನು ಯಾವುದೋ ಕುಣಿತದ ಹಾಡು ಹಚ್ಚಿದ. ಹಾಡು ಎಲ್ಲಿತ್ತೋ, ಏಟು ಮಾತ್ರ ಬಂತು. ಗಾಜಿನ ಕಪಾಟಿನ ಬಾಗಿಲು ಕಟಕಟ ಎಂದಿತು. ಸುಮಂಗಲಾ ಎದೆ ಒತ್ತಿ ಹಿಡಿದುಕೊಂಡಳು.

"ಇದು ಕಿವೀಗಿ ಬರಂಗಿಲ್ಲಲ್ಲ ರಂಜನಾ, ನಡದು ಎದೀಗೆ ಹೋಗ್ತದ."

"ಮದುವಿ ವರಾತಿಗೆ ಚಲೋ ಅದ್ರಿ," ಎಂದು ರಂಜನಾ ನಕ್ಕಳು. "ಇದನ್ನ ಹಚ್ಚಿ ಕುಣಕೋತ ಹೊಂಟ್ರ ಜೇಜುರಿ ಮೆಟ್ಟಲಾ ಒಂದ ದಮ್ಮಿಗೆ ಹತ್ತಬಹುದು."

"ನೀ ಹತ್ತು. ನನ್ನ ಮೊಣಕಾಲ ಕೇಳಬೇಕಲ್ಲ."

ಸ್ವಪ್ನಿಲ್‌ಗೆ ಕನ್ನಡ ತಿಳಿಯದಿದ್ದರೂ ಅವರ ನಗುವಿಗೆ ಅವನೂ ನಕ್ಕ. ಎರಡನೆಯದರಲ್ಲೂ ಅದೇ ಹಾಡು ಹಾಕಿದ. ಅದರ ಏಟು ಅಷ್ಟು ಭಾರವಿರಲಿಲ್ಲ. ಹಾಡುವವನ ಮಾತು ತುಸು ತಿಳಿಯುತ್ತಿತ್ತು. "ಮನುಷ್ಯಾರ ದನಿ ಹಾಕಂತ ಹೇಳವಾ. ಬರೇ ದನಿ," ಎಂದಳು ಸುಮಂಗಲಾ. ಕಿವಿಯನ್ನು ಒಂದು ಬದಿಗೆ ಓರೆ ಮಾಡಿ ಕೂತಳು, ಹಾರ್ಮೋನಿಯಂ ಶ್ರುತಿ ನೋಡುವಾಗ ಕೂಡುವಂತೆ. ಹೀಗೆ ಕೂತಾಗ ಜನ ಸುಮ್ಮನಾಗುತ್ತಾರೆ ಎಂಬುದು ಅವಳಿಗೆ ಗೊತ್ತಿದ್ದ ಸಣ್ಣ ಸುಖ. ರಂಜನಾ ಸುಮ್ಮನಾದಳು. ತನ್ನ ಮೊಬೈಲ್ ತೆಗೆದು, ಮೊದಲನೆಯ ಸ್ಪೀಕರಿಗೆ ಜೋಡಿಸಿಕೊಂಡು, ಯಾವುದನ್ನೋ ಹುಡುಕಿ ಒತ್ತಿದಳು.

*ಹೊಸ್ತಿಲ ತನಕ ಬಂದೀನೊ ಸ್ವಾಮಿ, ಒಳಗ ಕರಿಯೋ.*

ಅವಳದೇ ದನಿ. ಅಂಗಡಿಯ ಈ ತುದಿಯಿಂದ ಆ ತುದಿಗೆ, ಮಿಕ್ಸರುಗಳ ಸಾಲಿನ ಮೇಲೆ, ಟೀವಿಗಳ ಮೇಲೆ ಹರಡಿ ನಿಂತಿತು. ಮೇಲಿನ ಷಡ್ಜ ನೂಲು ಎಳೆದ ಹಾಗೆ ನೆಟ್ಟಗೆ ಹೋಗಿ, ಹೋದಲ್ಲಿಯೇ ಒಂದು ಗಳಿಗೆ ತೂಗಾಡಿ, ಇಳಿಯಿತು. ಎರಡು ವರ್ಷದ ಹಿಂದೆ, ಆಷಾಢದ ಮಧ್ಯಾಹ್ನಗಳಲ್ಲಿ, ರಂಜನಾಳ ಮನೆಯಲ್ಲಿ ಮೊಬೈಲಿಗೆ ತುಂಬಿಸಿದ್ದು. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಕುಕ್ಕರಿನ ಸೀಟಿ ಆಗದಂತೆ ಒಲೆ ಆರಿಸಿ ಕೂತಿದ್ದರು. "ನೀವು ಮುಂದಿನ ಸಾಲಷ್ಟ ಹಾಡ್ರಿ ಅಕ್ಕಾ. ನಮ್ಮ ಸಾಲಿಗೆ ಜಾಗಾ ಬಿಡ್ರಿ. ಅಡಗೀಮನ್ಯಾಗ ಹಚ್ಕೊಂಡು ರೊಟ್ಟಿ ಬಡಕೋತ ಕಲೀತೀವಿ," ಎಂದಿದ್ದಳು ರಂಜನಾ. ಮೂರು ಮಧ್ಯಾಹ್ನ, ಹನ್ನೊಂದು ಹಾಡು. ಒಂದು ಸಾಲು ಹಾಡಿ, ಹನ್ನೊಂದು ಜನ ಅದನ್ನು ಎತ್ತಿಕೊಳ್ಳುವಷ್ಟು ಹೊತ್ತು ಸುಮ್ಮನೆ ಕೂತು, ಮತ್ತೆ ಹಾಡುವುದು. ಖಾಲಿ ಜಾಗಕ್ಕೆ ಹಾಡುವುದು ಎಷ್ಟು ಕಷ್ಟ ಎಂದು ಆಗ ತಿಳಿದಿತ್ತು. ಬೆವರು ಹರಿದು ಕುಬುಸ ಒದ್ದೆಯಾಗಿತ್ತು. ಹಾಡು ಮುಗಿದೊಡನೆ ರಂಜನಾ ಮಜ್ಜಿಗೆಯ ಲೋಟ ಹಿಡಿದು ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಹಾಡಿದ್ದಳು ಸುಮಂಗಲಾ, ಎದುರಿಗೆ ಎಲ್ಲರೂ ಸಾಲಾಗಿ ಕೂತಿದ್ದಾರೆ ಎಂದು ಭಾವಿಸಿಕೊಂಡು. ಈಗ ಅಂಗಡಿಯಲ್ಲಿ ಆ ಸಾಲು ಮುಗಿದು, ಜಾಗ ಬಂತು. ಸ್ಪೀಕರಿನ ಬೆಳಕು ಮಾತ್ರ ತಿರುಗುತ್ತಿತ್ತು. ಆ ಖಾಲಿ ತಡೆಯಲಾರದೆ ಅವಳ ಬಾಯಿ ತಾನಾಗಿ, ಮೆಲ್ಲಗೆ, "ಒಳಗ ಕರಿಯೋ" ಎಂದಿತು. ಅಂದ ಮೇಲೆ ನಾಚಿಕೆಯಾಗಿ ಸುತ್ತ ನೋಡಿದಳು. ತನಗೇ ತಾನು ಹಿಮ್ಮೇಳ ಹೇಳಿದ್ದಳು.

"ಛಾನ್ ಆವಾಜ್!" ಎಂದು ಸ್ವಪ್ನಿಲ್ ದನಿಯನ್ನು ಮೆಚ್ಚಿಕೊಂಡ, ಮನಸ್ಸಿನಿಂದಲೇ. ಆಮೇಲೆ ಮರಾಠಿಯಲ್ಲಿ ರಂಜನಾಳನ್ನು ಕೇಳಿದ, ತಾಈ, ಮೈಕು ಎಷ್ಟು ಬೇಕಾಗುತ್ತವೆ, ಎರಡಕ್ಕೂ ಜಾಗ ಇದೆ, ಹಾಡುವವರು ಎಷ್ಟು ಜನ. ರಂಜನಾ ಸ್ಪೀಕರಿನ ಹಿಂದೆ ಬಗ್ಗಿ ಚಕ್ರ ನೋಡುತ್ತಿದ್ದವಳು ಅಲ್ಲಿಂದಲೇ, ವ್ಯವಹಾರದ ಚುರುಕು ಮರಾಠಿಯಲ್ಲಿ ಹೇಳಿದಳು: ಒಂದೇ ಸಾಕು, ನಡುವೆ ಮಾತಾಡಲಿಕ್ಕೆ. ಮುಂದೆ ಹಾಡುವವರ ದನಿ ಮೊಬೈಲಿನಲ್ಲೇ ಇದೆ, ಕೇಳಿದಿರಲ್ಲ. ಉಳಿದ ನಾವು ಹಿಂದೆ ಹಾಡುತ್ತೇವೆ, ನಮಗೆ ಮೈಕು ಬೇಡ.

ನಲವತ್ತು ವರ್ಷ ಪುಣೆಯಲ್ಲಿ ಕಳೆದವಳಿಗೆ ಮರಾಠಿ ಅರ್ಥವಾಗಲು ಹೊತ್ತು ಬೇಕಿರಲಿಲ್ಲ. ಆದರೂ ಒಂದು ಗಳಿಗೆ ಅವಳು ಆ ಮುಂದೆ ಹಾಡುವವಳು ಬೇರೆ ಯಾರೋ ಎಂಬಂತೆ, ಪಾಪ, ದನಿ ಇಟ್ಟುಕೊಂಡು ಮನುಷ್ಯಳನ್ನು ಬಿಟ್ಟರಲ್ಲ ಎಂದು ಮರುಗಿದಳು. ಆಮೇಲೆ ಆ ದನಿ ತನ್ನದೇ ಎಂದು ಹೊಳೆಯಿತು.

"ರಂಜನಾ."

"ಹಾಂ ಅಕ್ಕಾ."

"ಜೇಜುರಿಯಾಗ ನಾ ಏನ್ ಮಾಡ್ಬೇಕವಾ?"

ರಂಜನಾ ನಿಧಾನವಾಗಿ ಎದ್ದು ನಿಂತಳು. ಅವಳ ಮುಖ ಕಂಡ ಮೇಲೆ ಉತ್ತರ ಬೇಕಿರಲಿಲ್ಲ. "ಅದ... ಹೇಳೂಣಂತನ ಇದ್ದೆ ಅಕ್ಕಾ. ದಾರ್ಯಾಗ ಹೇಳೂಣಂದ್ರ ರಿಕ್ಷಾದ ಸಪ್ಪಳ. ಛತ್ರದ ಅಂಗಳದಾಗ ಥಂಡಿ ಭಾಳ ಇರ್ತದ್ರಿ. ನಾಕ ನಾಕ ತಾಸು ಕೂಡಬೇಕು. ನಿಮಗ ತ್ರಾಸ ಬ್ಯಾಡ ಅಂತ ಎಲ್ಲಾರೂ... ನಿಮ್ಮ ದನಿ ಅಂತೂ ಇರ್ತದಲ್ರಿ ನಮ್ಮ ಕೂಡ. ಮೊದಲ ನಿಮ್ಮ ಹೆಸರ ಹೇಳಿನ ಸುರು ಮಾಡ್ತೀವಿ."

"ಯಾವಾಗ ಮಾತಾಡಿದ್ರಿ?"

"ಸ್ವಾಮಾರ."

"ಸ್ವಾಮಾರ ನಿನ್ನ ಮನ್ಯಾಗ ನೀರಿಲ್ಲ, ಈ ವಾರ ಕೂಡೂದಿಲ್ಲ ಅಂದಿದ್ದಿ."

"ಅನುಸೂಯಾಬಾಯಿ ಮನ್ಯಾಗ ಕೂಡಿದ್ವಿ," ಎಂದಳು ರಂಜನಾ. ಸುಳ್ಳು ಮುಂದುವರಿಸಲು ಅವಳಿಗೆ ಬರುತ್ತಿರಲಿಲ್ಲ. ಅದೊಂದು ಅವಳ ಒಳ್ಳೆಯತನ.

ಸೋಮವಾರ ಸಂಜೆ ಏಳರ ಹೊತ್ತಿಗೆ ಅನುಸೂಯಾ ಬಂದಿದ್ದಳು, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತುಂಬಿಕೊಂಡು. ಇನ್ನೂ ಬಿಸಿ ಇದ್ದವು. "ಸುಮ್ಮ ಮಾಡಿದ್ದೆ, ನಿಮ್ಮ ನೆನಪಾತು," ಎಂದು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ಹೋಗಿದ್ದಳು. ಎಂಥ ಜೀವ ಎಂದು ಸುಮಂಗಲಾ ಅಂದುಕೊಂಡಿದ್ದಳು, ಎರಡು ಹೋಳಿಗೆ ತಿಂದು ಎರಡನ್ನು ಬೆಳಗಿಗೆ ಮುಚ್ಚಿಟ್ಟಿದ್ದಳು. ಆ ಹೋಳಿಗೆ ಅವರ ಸಭೆಯವು. ಹನ್ನೊಂದು ಜನ ಕೂತು ತಿಂದು, ಅವಳನ್ನು ಬಿಟ್ಟು ಹೋಗುವುದೆಂದು ಮಾಡಿ, ಉಳಿದ ನಾಲ್ಕನ್ನು ಅವಳಿಗೇ ಕಳಿಸಿದ್ದರು. ಥರ್ಮಾಸಿನ ಬಿಸಿನೀರು, ಲವಂಗ, ಮೇಲಿನ ಷಡ್ಜಕ್ಕೆ ಒಮ್ಮೆಗೇ ಏಳುವ ಹನ್ನೊಂದು ದನಿ, ಒಂದೊಂದಾಗಿ ಎಲ್ಲ ಅವಳೊಳಗೆ ಮಗ್ಗಲು ಬದಲಿಸಿದವು. ಕೇಳಿಸಿರಲಾರದು ಎಂದುಕೊಂಡದ್ದು ಎಲ್ಲರಿಗೂ ಕೇಳಿಸಿತ್ತು. ಅವರು ಧಾಟಿ ಕಲಿತದ್ದಲ್ಲ. ಹರಿದಲ್ಲಿ ಸೆರಗು ಎಳೆದು ಮುಚ್ಚುತ್ತಿದ್ದರು, ಎಲ್ಲರೂ ಕಣ್ಣುಸನ್ನೆ ಮಾಡಿಕೊಂಡು, ಅವಳಿಗೆ ಗೊತ್ತಾಗದ ಹಾಗೆ. ಮತ್ತೆ ಆ ಆಷಾಢ? ಮಾವಿನ ಕಾಲ ಮುಗಿಯುವುದರೊಳಗೆ ಉಪ್ಪಿನಕಾಯಿ ಹಾಕಿಡುವಂತೆ, ಹೋಗಲಿರುವ ದನಿಯನ್ನು ಹೋಗುವ ಮುಂಚೆ ಜಾಡಿಯಲ್ಲಿ ತುಂಬಿಟ್ಟುಕೊಂಡರೇ? ಫ್ಯಾನು ನಿಲ್ಲಿಸಿ, ಒಲೆ ಆರಿಸಿ?

"ಹಾಡು ತುಂಬಿಸಿಕೊಂಡಿಯಲ್ಲ, ಆವಾಗನ ಗೊತ್ತಿತ್ತೇನು?" ಎಂದು ಕೇಳಿದಳು.

"ಇಲ್ಲ ಅಕ್ಕಾ! ದೇವರಾಣಿ. ಅದು ಕಲಿಯಾಕಂತನ." ಸ್ವಲ್ಪ ಬಿಟ್ಟು, "ನಿಮ್ಮ ಗಂಟಲ ಆವಾಗ ಒಮ್ಮೊಮ್ಮೆ... ನಂಗ ಅನಿಸಿತ್ತು. ಅಷ್ಟ," ಎಂದಳು.

ಹೇಳಬಹುದಿತ್ತಲ್ಲ. ನಿಮ್ಮ ಷಡ್ಜ ನಿಲ್ಲುತ್ತಿಲ್ಲ ಅಕ್ಕಾ, ಶ್ರುತಿ ಇಳಿಸಿ ಹಾಡಿ ಅನ್ನಬಹುದಿತ್ತಲ್ಲ ಒಬ್ಬರಾದರೂ. ಹೀಗೆ ಅಂದುಕೊಳ್ಳುತ್ತಿರುವಾಗಲೇ ಸುಮಂಗಲಾಳ ಬೆರಳು ಸೀರೆಯ ನೆರಿಗೆಯ ಮೇಲೆ ತಾನಾಗಿ, ಹಾರ್ಮೋನಿಯಂ ನುಡಿಸುವಂತೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಸರಿಯಿತು, ಹದಿನಾಲ್ಕು ವರ್ಷದ ಹಿಂದೆ ಸರಿದ ಹಾಗೆ. ಆಗ ಮುಂದೆ ಹಾಡುತ್ತಿದ್ದವಳು ಕಾಶವ್ವ, ಮಂಡಳಿ ಕಟ್ಟಿದವಳು. ಸುಮಂಗಲಾ ಹಿಂದಿನ ಸಾಲಿನಲ್ಲಿ ಹಾರ್ಮೋನಿಯಂ. ಕಾಶವ್ವನ ದನಿ ವಯಸ್ಸಿಗೆ ಇಳಿದು ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯಲ್ಲಿ ಕೂತಿತ್ತು, ಅದರ ಮೇಲೆ ಒಂದು ಎಳೆಯೂ ಏರುತ್ತಿರಲಿಲ್ಲ. ಅದು ಸುಮಂಗಲಾಳೊಬ್ಬಳಿಗೇ ಗೊತ್ತಿತ್ತು. ಗಣೇಶೋತ್ಸವದ ವೇದಿಕೆಯ ಮೇಲೆ, ಇನ್ನೂರು ಜನರ ಎದುರಿಗೆ, ಅವಳು ಬೇಕೆಂದೇ ನಾಲ್ಕನೆಯ ಬಿಳಿ ಮನೆಯಿಂದ ಶ್ರುತಿ ಹಿಡಿದಳು. ಎರಡು ಮನೆ ಮೇಲೆ. ಯಾರಿಗೂ ತಿಳಿಯದಷ್ಟು. ಕಾಶವ್ವ ಪಲ್ಲವಿ ಹೇಗೋ ದಾಟಿಸಿದಳು. ಚರಣದಲ್ಲಿ ಏರಲು ಹೋಗಿ, ಬಾವಿಯ ಹಗ್ಗ ಕೈ ಜಾರಿದವಳಂತೆ ನಿಂತುಬಿಟ್ಟಳು. ಹಿಂದಿರುಗಿ ನೋಡಿ, "ನೀ ಹಾಡವ್ವಾ," ಎಂದಳು. ಸುಮಂಗಲಾ ಹಾಡಿದಳು. ಮುಂದಿನ ಸೋಮವಾರ ಕಾಶವ್ವ ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ತಾಳ ಹಿಡಿದು ಕೂತಳು, ಐದು ವರ್ಷ ಹಾಗೇ ಕೂತಳು. ಬಾರಾಮತಿಗೆ, ಮಗಳ ಮನೆಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಅವಳ ಕೆನ್ನೆ ಮುಟ್ಟಿ, "ಆವತ್ತ ಸೂರ ಭಾಳ ಚಲೋ ಹಿಡದಿದ್ದಿ, ಸುಮಂಗಲಾ," ಎಂದಿದ್ದಳು. ಯಾವತ್ತು ಎಂದು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಕಾಶವ್ವನಿಗೆ ತಿಳಿದಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ಆದರೆ ಅದು ನಾನೊಬ್ಬಳೇ ಮಾಡಿದ್ದು, ಎಂದುಕೊಂಡಳು ಸುಮಂಗಲಾ. ಹನ್ನೊಂದು ಜನ ಕೂಡಿ, ಹೋಳಿಗೆ ತಿಂದು, ಮಾಡಿದ್ದಲ್ಲ. ಈ ಲೆಕ್ಕದಲ್ಲಿ ತನ್ನ ತಪ್ಪು ಕಡಿಮೆಯಾಗುವುದಿಲ್ಲ ಎಂದೂ ಆ ಗಳಿಗೆಯಲ್ಲೇ ಹೊಳೆದು, ಅವಳಿಗೆ ರಂಜನಾಳ ಮೇಲೆ ಇನ್ನಷ್ಟು ಸಿಟ್ಟು ಬಂತು.

"ಮೈಕ್ ಕೊಡಪ್ಪಾ," ಎಂದು ಸ್ವಪ್ನಿಲ್‌ನತ್ತ ಕೈ ಚಾಚಿದಳು.

"ಅಕ್ಕಾ, ಇಲ್ಲಿ ಬ್ಯಾಡ್ರಿ," ಎಂದಳು ರಂಜನಾ.

"ಆರಿಸು ಅಂತ ಕರ್ಕೊಂಡು ಬಂದೀರಿಲ್ಲ? ಆರಿಸ್ತೀನಿ."

ಮೊದಲನೆಯದರಲ್ಲಿ ಹಾಡಿದಳು, ಅದೇ ಸಾಲು. ಸ್ವಪ್ನಿಲ್ ಯಾವುದೋ ಗುಂಡಿ ತಿರುಗಿಸಿದ್ದ. ದನಿ ಗುಹೆಯೊಳಗಿಂದ ಬಂದಂತೆ ಗುಂಯ್ ಎಂದು ಸುತ್ತಿಕೊಂಡು, ಷಡ್ಜದ ಹರಕು ಎಲ್ಲೋ ಮುಚ್ಚಿಹೋಯಿತು. ಮಿಕ್ಸರ್ ಆರಿಸುತ್ತಿದ್ದ ಒಬ್ಬ ಹೆಂಗಸು ತಲೆದೂಗಿದಳು. ಎರಡನೆಯದರಲ್ಲಿ ಹಾಡಿದಳು. ಅದು ಏನನ್ನೂ ಮುಚ್ಚಲಿಲ್ಲ. ಹೊಸ್ತಿಲು ಎಂಬಲ್ಲಿ ಉಸಿರು ಕಡಿಮೆಯಾದದ್ದು, ಸ್ವಾಮಿ ಎಂಬಲ್ಲಿ ಕಫದ ಗೊರಗೊರ, ಆಮೇಲೆ ಮೇಲೆ ಹೋದ ದನಿ ಸಿಗಿದು ಎರಡಾಗಿ, ಒಂದು ಎಳೆ ಅಲ್ಲೇ ನಿಂತು ಇನ್ನೊಂದು ಕೆಳಗೆ ಬಿದ್ದದ್ದು, ಎಲ್ಲವೂ ಅಂಗಡಿಯ ತುಂಬ ಬಿಡಿಬಿಡಿಯಾಗಿ ಕೇಳಿಸಿತು. ಮಿಕ್ಸರಿನ ಹೆಂಗಸು ಬೇಗ ತಲೆ ತಗ್ಗಿಸಿ ಬೆಲೆಯ ಚೀಟಿ ಓದತೊಡಗಿದಳು. ಬಾಗಿಲ ಕಾವಲಿನವನು ಹೊರಗೆ ನೋಡಿದ. ಸ್ವಪ್ನಿಲ್ ಹೋಗಿ, ಕಾಗದದ ಲೋಟದಲ್ಲಿ ನೀರು ತಂದು, ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನೀರು ಕುಡಿಯುವಾಗ ಸುಮಂಗಲಾಳಿಗೆ ಅನಿಸಿತು: ಮಂಡಳಿಯವರು ತನ್ನನ್ನು ಬಿಟ್ಟದ್ದು ಸರಿಯಾಗಿಯೇ ಇದೆ. ತಪ್ಪಾಗಿ ಬಿಟ್ಟಿದ್ದರೆ ಜಗಳಾಡಬಹುದಿತ್ತು.

"ಇದರಾಗ ಆ ಹಾಡು ಇನ್ನೊಮ್ಮೆ ಹಚ್ಚು," ಎಂದಳು. ದನಿ ಕಚೇರಿಯ ದನಿಯಾಗಿತ್ತು.

ರಂಜನಾ ಮೊಬೈಲನ್ನು ಎರಡನೆಯದಕ್ಕೆ ಜೋಡಿಸಿದಳು. ಆಷಾಢದ ಸುಮಂಗಲಾ ಹಾಡಿದಳು. ಇದರಲ್ಲಿ ದನಿ ಅಷ್ಟು ದೊಡ್ಡದಾಗಿ ಹರಡಲಿಲ್ಲ, ಆದರೆ ಹತ್ತಿರ ಬಂದು ಕೂತಿತು. ಬಾಯಿ ತೆರೆಯುವ ಸದ್ದು, ಬಳೆ, ದೂರದಲ್ಲಿ ಯಾರೋ ಬಕೆಟ್ಟು ಇಟ್ಟದ್ದು. ಸಾಲು ಮುಗಿಯಿತು. ಜಾಗ ಬಂತು. ಆ ಜಾಗದಲ್ಲಿ ಯಾರೋ ಇದ್ದರು.

*ಒಳಗ ಕರಿಯೋ.*

ಪಿಸುದನಿ, ಬರಿ ಉಸಿರು ಅನ್ನುವಷ್ಟು. ಸುಮಂಗಲಾ ಕಿವಿ ಓರೆ ಮಾಡಿದಳು. ಎರಡನೆಯ ಸಾಲಿನ ಹಿಂದೆಯೂ ಇತ್ತು. ಮೂರನೆಯದರ ಹಿಂದೆಯೂ. ಮೊದಲನೆಯ ಸ್ಪೀಕರಿನ ಗುಡುಗಿನಲ್ಲಿ ಇದರ ಸುಳಿವೂ ಇರಲಿಲ್ಲ. ತಲೆಯೆತ್ತಿ ನೋಡಿದರೆ ರಂಜನಾಳ ಮುಖ ಕೆಂಪಾಗಿತ್ತು.

"ಅದು ನಾನ ರೀ ಅಕ್ಕಾ," ಎಂದಳು. "ಕೇಳಸ್ತದಂತ ಗೊತ್ತಿರಲಿಲ್ಲ. ನೀವು ಒಬ್ಬರ ಗ್ವಾಡಿಗೆ ಹಾಡಿದಂಗ ಆಗಬಾರದಂತ, ಬಾಯಾಗ ಅಂದ್ಕೋತ ಕೂತಿದ್ದೆ." ಅವಳ ಕಣ್ಣು ತುಂಬಿದ್ದವು. "ಅಳಸಿ ಬಿಡ್ಲೇನು? ಬರ್ತದೋ ಇಲ್ಲೋ ಅಳಸಾಕ."

ಆ ಮೂರು ಮಧ್ಯಾಹ್ನ ತಾನು ಕಣ್ಣು ಮುಚ್ಚಿಕೊಂಡು ಇಲ್ಲದ ಸಾಲನ್ನು ಭಾವಿಸಿಕೊಳ್ಳುತ್ತಿದ್ದಾಗ, ಮೊಬೈಲಿನ ಆಚೆ ಈ ಹೆಂಗಸು ಒಬ್ಬಳೇ ಹನ್ನೊಂದು ಜನರ ಜಾಗದಲ್ಲಿ ಕೂತು ಉತ್ತರ ಕೊಡುತ್ತಿದ್ದಳು. ಆಗಲೇ ಅವಳಿಗೆ ಅನಿಸಿಯೂ ಇತ್ತು. ದನಿ ಹೋಗುತ್ತಿದೆ ಎಂದು ಅನಿಸುತ್ತಿದ್ದ ಹೊತ್ತಿನಲ್ಲೇ, ಬೇಸರವಾಗದಿರಲಿ ಎಂದು ಪಿಸುಗುಟ್ಟಿದ್ದಳು. ಎರಡೂ ಒಂದೇ ಬಾಯಿ. ಬರಿ ಮೋಸವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ಎಂದು ಸುಮಂಗಲಾಳಿಗೆ ಅನಿಸಿತು. ಈ ಪಿಸುದನಿ ಜೇಜುರಿಯ ಅಂಗಳದಲ್ಲಿ, ಅವಳಿಲ್ಲದಾಗ, ಅವಳ ಪ್ರತಿ ಸಾಲಿನ ಹಿಂದೆಯೂ ಎಲ್ಲರಿಗೂ ಕೇಳುತ್ತದೆ. ನೋಡಿ, ನಾವು ಅಕ್ಕನನ್ನು ಎಷ್ಟು ಪ್ರೀತಿಸುತ್ತಿದ್ದೆವು ಎಂದು ಹನ್ನೊಂದು ಜನ ಕಣ್ಣೊರೆಸಿಕೊಳ್ಳುತ್ತಾರೆ. ಒರೆಸಿಕೊಂಡು ಮುಂದಿನ ಹಾಡಿಗೆ ಹೋಗುತ್ತಾರೆ.

"ಕಾಕೂ, ಇದೇ ಒಳ್ಳೆಯದು ಅಲ್ಲವೇ?" ಎಂದು ಸ್ವಪ್ನಿಲ್ ಮರಾಠಿಯಲ್ಲೇ ಕೇಳಿ ಎರಡನೆಯದರ ಮೇಲೆ ಕೈಯಿಟ್ಟ. "ಭಜನೆಗೆ ಇದನ್ನೇ ತೆಗೆದುಕೊಳ್ಳಿ. ಅದು ಬರಿ ಗದ್ದಲ."

ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಚಕ್ರ ಎರಡಕ್ಕೂ ಇತ್ತು. ಸುಮಂಗಲಾ ಸ್ಟೂಲಿನಿಂದ ಎದ್ದು, ಎರಡರ ನಡುವೆ ಬಂದು, ಕಿವಿ ಓರೆ ಮಾಡಿ, ಯೋಚಿಸುವವಳಂತೆ ನಿಂತಳು. ಅಂಗಡಿ ಸುಮ್ಮನಾಯಿತು.

"ಇದು," ಎಂದು ಮೊದಲನೆಯದನ್ನು ತೋರಿಸಿದಳು.

"ಅದಾ?" ಎಂದಳು ರಂಜನಾ. "ಎರಡನೇದರಾಗ ದನಿ ಚಲೋ ಸ್ವಚ್ಛ ಬರ್ತಿತ್ತು ಅಂತ ನಂಗ..."

"ಒಳಗ ಕೂತಾಗ ಹಂಗ ಅನಸ್ತದ. ಬಯಲಾಗ ಅದು ನಿಲ್ಲಂಗಿಲ್ಲ. ಇದು ನಿಲ್ತದ."

ಹೇಳುವಾಗ ಅವಳ ದನಿ ಎಲ್ಲಿಯೂ ಒಡೆಯಲಿಲ್ಲ. ಶ್ರುತಿಯ ವಿಷಯದಲ್ಲಿ ಅವಳು ಸುಳ್ಳಾಡಿದ್ದು ಇದು ಎರಡನೆಯ ಸಲ. ಮೊದಲ ಸಲ ಬೆರಳಿನಿಂದ. ರಂಜನಾ ಒಂದು ಗಳಿಗೆ ಅವಳ ಮುಖ ನೋಡಿದಳು. ತಿಳಿದುಕೊಂಡಳೇನೋ ಎಂದು ಸುಮಂಗಲಾ ಹೆದರಿದಳು, ತಿಳಿದುಕೊಳ್ಳಲಿ ಎಂದೂ ಹಂಬಲಿಸಿದಳು. ರಂಜನಾ ತಲೆಯಾಡಿಸಿದಳು. "ನಿಮ್ಮ ಕಿವಿ ಹಂಗಂತಂದ್ರ ಮುಗೀತ್ರಿ," ಎಂದು ಬಿಲ್ಲಿನ ಮೇಜಿನ ಕಡೆ ಹೋದಳು. ಹೋಗುತ್ತಲೇ ಮೊಬೈಲು ಬಾಯಿಗೆ ಹಿಡಿದು ಮಂಡಳಿಯ ಗುಂಪಿಗೆ ಹೇಳುತ್ತಿದ್ದಳು: "ಅಕ್ಕಾ ಆರಿಸ್ಯಾರ. ದೊಡ್ಡ ದನೀದು. ಅಕ್ಕಾ ಅಂದಾರಂದ್ರ ಇನ್ನ ಬ್ಯಾರೆ ಮಾತಿಲ್ಲ."

ಸುಮಂಗಲಾಳ ಪರ್ಸಿನಲ್ಲಿ ಫೋನು ನಡುಗತೊಡಗಿತು. ತೆಗೆದು ನೋಡಿದಳು. ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬಂದು ಬೀಳುತ್ತಿದ್ದವು. ಅನುಸೂಯಾಳದು ಎಲ್ಲಕ್ಕಿಂತ ಮೊದಲು ಬಂದಿತ್ತು.

ರಿಕ್ಷಾದಲ್ಲಿ ಪೆಟ್ಟಿಗೆ ಇಟ್ಟ ಮೇಲೆ ಒಬ್ಬರಿಗಷ್ಟೇ ಜಾಗ ಉಳಿಯಿತು. "ನೀವು ಕೂಡ್ರಿ ಅಕ್ಕಾ, ನಾ ಬಸ್ಸಿಗೆ ಬರ್ತೀನಿ," ಎಂದ ರಂಜನಾ ಸೆರಗನ್ನು ಎತ್ತಿ ಮಡಿಲಲ್ಲಿಡಲು ಬಗ್ಗಿದಳು. ಸುಮಂಗಲಾ ತಾನೇ ಅದನ್ನು ಎಳೆದುಕೊಂಡಳು. ರಂಜನಾಳ ಕೈ ಅಲ್ಲಿಯೇ ಸ್ವಲ್ಪ ಹೊತ್ತು ನಿಂತು, ಪೆಟ್ಟಿಗೆಯನ್ನು ಸುಮ್ಮನೆ ಒಮ್ಮೆ ಅಲುಗಿಸಿ ನೋಡಿ, ಹಿಂದೆ ಹೋಯಿತು.

ಸಾತಾರಾ ರಸ್ತೆಯಲ್ಲಿ ಕಾತ್ರಜಿನ ಕಡೆ ಹೋಗುವ ಬಸ್ಸುಗಳ ನಡುವೆ ರಿಕ್ಷಾ ನಿಂತು ನಿಂತು ಸಾಗಿತು. ಹಳ್ಳ ಬಂದಾಗಲೆಲ್ಲ ಪೆಟ್ಟಿಗೆ ಅವಳ ಮೇಲೆ ವಾಲುತ್ತಿತ್ತು. ಅವಳು ಎರಡೂ ತೋಳಿನಿಂದ ಅದನ್ನು ತಬ್ಬಿ ಹಿಡಿಯಬೇಕಾಯಿತು. ನಡುವಯಸ್ಸಿನ ಚಾಲಕ ಕನ್ನಡಿಯಲ್ಲಿ ನೋಡಿ, ಆಜಿ, ಸ್ಪೀಕರ್ ತೆಗೆದುಕೊಂಡಿರಾ, ಎಂದು ಮರಾಠಿಯಲ್ಲಿ ಮಾತಿಗೆ ತೆಗೆದ. ತಮ್ಮ ಗಲ್ಲಿಯ ಮಂಡಳಕ್ಕೂ ಒಂದು ಕೊಳ್ಳಬೇಕು, ಸಂಜೆ ಆರತಿಗೆ, ಹೆಂಗಸರು ಹಾಡುತ್ತಾರೆ. ಇದು ಒಳ್ಳೆಯದಿದೆಯೇ, ಇದನ್ನೇ ಕೊಳ್ಳಲೇ ಎಂದು ಕೇಳಿದ.

"ನಕೋ," ಎಂದಳು ಸುಮಂಗಲಾ. ತಡೆಯುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು. ಇದು ಬೇಡ. ಅದೇ ಅಂಗಡಿಯಲ್ಲಿ, ಇದರ ಪಕ್ಕದಲ್ಲೇ ಇನ್ನೊಂದು ಇದೆ, ಅದನ್ನು ತೆಗೆದುಕೊಳ್ಳಿ. ಪಿಸುಗುಟ್ಟಿದರೂ ಕೇಳಿಸುತ್ತದೆ ಅದರಲ್ಲಿ. ಹಾಡುವವರು ಎಷ್ಟು ಜನ ಇದ್ದಾರೋ ಅಷ್ಟೂ ಜನ ಕೇಳಿಸುತ್ತಾರೆ. ಸ್ವಪ್ನಿಲ್ ಅಂತ ಒಬ್ಬನಿದ್ದಾನೆ, ಅವನನ್ನು ಕೇಳಿ, ಸರಿಯಾಗಿ ತೋರಿಸುತ್ತಾನೆ. ಹೇಳುತ್ತ ಹೇಳುತ್ತ ಅವಳಿಗೆ ಉಸಿರು ಹಗುರಾಯಿತು. ಆ ಗಲ್ಲಿಯ ಹೆಂಗಸರು, ಹೆಸರು ಗೊತ್ತಿಲ್ಲದವರು, ಸ್ವಚ್ಛವಾಗಿ ಕೇಳಿಸತೊಡಗಿದರು.

ಚಾಲಕ ನಕ್ಕ. "ಮಗ ತುಮ್ಹೀ ಹಾ ಕಾ ಘೇತಲಾ, ಆಜಿ?" ಹಾಗಾದರೆ ನೀವೇಕೆ ಇದನ್ನು ಕೊಂಡಿರಿ?

ಸಿಗ್ನಲ್ಲು ಬಿಟ್ಟಿತು. ಹಿಂದಿನ ಬಸ್ಸು ಒಂದೇ ಸಮನೆ ಹಾರ್ನು ಬಡಿಯುತ್ತಿತ್ತು. ಸುಮಂಗಲಾ ಪೆಟ್ಟಿಗೆಯ ಮೂಲೆಗೆ ಗಲ್ಲ ತಾಗಿಸಿಕೊಂಡು ಮರಾಠಿಯಲ್ಲಿ ಉತ್ತರ ಹುಡುಕಿದಳು.

"ಇದರಾಗ ನಾ ಒಬ್ಬಾಕಿನ ಇರ್ತೀನಪ್ಪಾ," ಎಂದಳು ಕನ್ನಡದಲ್ಲಿ.

ಅವನಿಗೆ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿ, ಮುಂದಿನ ಹಳ್ಳವನ್ನು ಅವಳಿಗಾಗಿ ಮೆಲ್ಲಗೆ ದಾಟಿಸಿದ.